ಹಲ್ಲಿನ ಹುಳವೂ ನಮ್ಮ ತಪ್ಪು ತಿಳುವಳಿಕೆಗಳೂ

ಕಳೆದ ಮಳೆಗಾಲದ ಮಾತು. ನಮ್ಮ ಶಾಲೆಯ ಎಂಟನೆಯ ತರಗತಿಯ ಒಬ್ಬ ಹುಡುಗ ಕೆನ್ನೆಗೆ ಬೈರಾಸು ಸುತ್ತಿಕೊಂಡು ತರಗತಿಗೆ ಬಂದಿದ್ದ. ಬಿಚ್ಚಿಸಿ ನೋಡಿದರೆ ಕೆನ್ನೆ ಬಾತು ಕಣ್ಣಿನ ತನಕ ಏರಿತ್ತು. ಕೇಳಿದಾಗ, “ಹುಳ ತೆಗೆಸಿದ್ದೇವೆ ಸರ್, ಎರಡು ಬಿತ್ತು. ಇನ್ನೊಂದು ಒಳಗಿದೆಯಂತೆ” ಎಂದ. ತರಗತಿಯಲ್ಲಿ ಯಾರೂ ನಗಲಿಲ್ಲ. ಯಾಕೆಂದರೆ ಅಲ್ಲಿದ್ದ ಅರ್ಧಕ್ಕರ್ಧ ಮಕ್ಕಳ ಮನೆಗಳಲ್ಲಿ ಅದೇ ನಂಬಿಕೆ.

ಹುಡುಗನ ತಾಯಿ ಬೀಡಿ ಕಟ್ಟಿ ಸಂಸಾರ ನಡೆಸುವವರು. ಅಜ್ಜಿ ಅವನನ್ನು ಹುಳ ತೆಗೆಯುವವರೊಬ್ಬರಲ್ಲಿಗೆ ಕರೆದೊಯ್ದಿದ್ದರು. ಹೊಗೆ ಹಿಡಿಸಿ, ಗೆರಟೆಯ ನೀರಿನಲ್ಲಿ ಬೆಳ್ಳಗಿನ ಎರಡು ಹುಳ ತೋರಿಸಿ ಕಳಿಸಿದ್ದರಂತೆ. ಮೂರನೆಯ ದಿನ ಜ್ವರ ಬಂತು. ಬಾಯಿ ತೆರೆಯಲಾಗದೆ ಗಂಜಿತಿಳಿ ಮಾತ್ರ ಇಳಿಯುವ ಸ್ಥಿತಿಯಾಯಿತು. ಆಮೇಲೆ ಆಸ್ಪತ್ರೆ, ಇಂಜೆಕ್ಷನ್, ಕೀವು ತೆಗೆಯುವುದು, ಕೊನೆಗೆ ಹಲ್ಲನ್ನೇ ಕೀಳುವುದು. ಕಿತ್ತದ್ದು ಜೀವಮಾನವಿಡೀ ಇರಬೇಕಾಗಿದ್ದ ದವಡೆಹಲ್ಲು. ಹುಡುಗನಿಗೆ ವಯಸ್ಸು ಹದಿಮೂರು.

ನಾವು ವೈದ್ಯರಲ್ಲ, ಮೇಷ್ಟ್ರು. ಆದರೆ ಇಪ್ಪತ್ತು ವರ್ಷಗಳಿಂದ ಮಕ್ಕಳ ಬಾಯಿಯ ಎದುರಿಗೇ ನಿಂತವರು. ಆಸ್ಪತ್ರೆಯಲ್ಲಿ ವೈದ್ಯರಿಂದ ಕೇಳಿದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ನಮ್ಮ ಭಾಷೆಯಲ್ಲಿ ನಮ್ಮ ಮನೆಗಳಿಗೆ ಮುಟ್ಟಿಸೋಣವೆಂದು ಈ ಲೇಖನ.

ಹುಳ ಎಲ್ಲಿಂದ ಬಂತು?

ಹಲ್ಲನ್ನು ಹುಳ ತಿನ್ನುತ್ತದೆ ಎಂಬುದು ನಮ್ಮ ಹಳ್ಳಿಯ ನಂಬಿಕೆ ಮಾತ್ರ ಅಲ್ಲ. ಸಾವಿರಾರು ವರ್ಷಗಳ ಹಿಂದಿನ ಬ್ಯಾಬಿಲೋನಿಯದಲ್ಲಿಯೂ ಇತ್ತು, ಯುರೋಪಿನಲ್ಲಿಯೂ ಇತ್ತು. ಫ್ರಾನ್ಸಿನ ಪಿಯರ್ ಫೊಶಾರ್ ಎಂಬ ದಂತವೈದ್ಯ 1728ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಸೂಕ್ಷ್ಮದರ್ಶಕದಲ್ಲಿ ನೋಡಿಯೂ ತನಗೆ ಹುಳ ಕಾಣಲಿಲ್ಲವೆಂದು ಬರೆದ. 1890ರಲ್ಲಿ ಬರ್ಲಿನ್ನಿನಲ್ಲಿದ್ದ ಮಿಲ್ಲರ್ ಎಂಬ ಅಮೆರಿಕದ ವಿಜ್ಞಾನಿ ನಿಜವಾದ ಕಾರಣವನ್ನು ವಿವರಿಸಿದ. ಬಾಯಿಯಲ್ಲಿರುವ ಸೂಕ್ಷ್ಮಾಣುಗಳು ನಾವು ತಿಂದ ಸಿಹಿ ಮತ್ತು ಪಿಷ್ಟವನ್ನು ತಿಂದು ಹುಳಿಯನ್ನು, ಅಂದರೆ ಆಮ್ಲವನ್ನು ಬಿಡುತ್ತವೆ. ಆ ಆಮ್ಲ ಹಲ್ಲಿನ ಹೊರಪದರವನ್ನು ಸ್ವಲ್ಪಸ್ವಲ್ಪವಾಗಿ ಕರಗಿಸುತ್ತದೆ. ಕಪ್ಪು ಚುಕ್ಕೆ, ಆಮೇಲೆ ಗುಳಿ, ಆಮೇಲೆ ನರದ ತನಕ ದಾರಿ. ಇದೇ ಹುಳುಕು.

ಹಾಗಾದರೆ ಗೆರಟೆಯಲ್ಲಿ ಕಂಡದ್ದೇನು? ಹೊಗೆ ಹಿಡಿಸುವವರು ಸಾಮಾನ್ಯವಾಗಿ ನೆಲಗುಳ್ಳದಂಥ ಗಿಡದ ಬೀಜವನ್ನು ಕಾಯಿಸಿದ ಕಬ್ಬಿಣದ ಮೇಲೆ ಎಣ್ಣೆಯೊಂದಿಗೆ ಹಾಕುತ್ತಾರೆ. ಬಿಸಿಗೆ ಬೀಜ ಬಿರಿದಾಗ ಒಳಗಿನ ಬೆಳ್ಳಗಿನ ಎಳೆ ಮೊಳಕೆ ಹೊರಗೆ ಸಿಡಿಯುತ್ತದೆ. ನೋಡುವ ಕಣ್ಣಿಗೆ ಅದು ಹುಳದಂತೆಯೇ ಕಾಣುತ್ತದೆ. ಸಂಶಯವಿದ್ದವರು ಬಾಯಿಯೇ ಇಲ್ಲದ ಕಡೆ, ಬರೀ ನೀರಿನ ಮೇಲೆ ಆ ಬೀಜವನ್ನು ಸುಟ್ಟು ನೋಡಬಹುದು. ಹೊಗೆಯಿಂದ ಕೆಲವರಿಗೆ ನೋವು ಸ್ವಲ್ಪ ಹೊತ್ತು ಮಂದವಾಗುವುದುಂಟು. ಅಷ್ಟರಲ್ಲಿ ಒಳಗಿನ ಕೀವು ತನ್ನ ಕೆಲಸವನ್ನು ಮುಂದುವರಿಸಿರುತ್ತದೆ.

ಇಲ್ಲಿ ಇನ್ನೊಂದು ಮಾತು. “ನೋವು ನಿಂತಿತು, ಇನ್ನು ವೈದ್ಯರು ಯಾಕೆ?” ಎಂದು ಕೇಳುವವರು ಬಹಳ. ರಾತ್ರಿಯಿಡೀ ಸಿಡಿದ ಹಲ್ಲು ಬೆಳಿಗ್ಗೆ ತಾನಾಗಿ ತಣ್ಣಗಾದರೆ ಅದು ಗುಣವಾದದ್ದಲ್ಲ. ಅನೇಕ ಸಲ ಒಳಗಿನ ನರ ಸತ್ತುಹೋದದ್ದರ ಗುರುತು ಅದು. ಸತ್ತ ನರದಿಂದ ಸೋಂಕು ಬೇರಿನ ತುದಿಗೆ ಇಳಿದು ದವಡೆಯಲ್ಲಿ ಕೀವಾಗುತ್ತದೆ. ಕೆಳದವಡೆಯ ಸೋಂಕು ಕೊರಳಿಗೆ ಇಳಿದರೆ ಉಸಿರಿಗೇ ಸಂಚಕಾರ. ಲವಂಗದ ಎಣ್ಣೆ ನೋವನ್ನು ಮರಗಟ್ಟಿಸುತ್ತದೆ, ನಿಜ. ಆದರೆ ಅದು ವೈದ್ಯರಲ್ಲಿಗೆ ಹೋಗುವ ತನಕದ ಆಸರೆ, ಮದ್ದಲ್ಲ. ನಶ್ಯ, ಹೊಗೆಸೊಪ್ಪು, ಸಾರಾಯಿ, ನೋವಿನ ಮಾತ್ರೆಯ ಪುಡಿ ಇವನ್ನು ಗುಳಿಗೆ ತುಂಬಿದರೆ ಒಸಡು ಸುಟ್ಟುಹೋಗುವುದು ಮಾತ್ರ ಲಾಭ. ಮದ್ದಿನ ಅಂಗಡಿಯಲ್ಲಿ ಕೇಳಿ ತಂದ ಎರಡು ಮಾತ್ರೆಗಳೂ ಗುಳಿಯನ್ನು ಮುಚ್ಚಲಾರವು.

ಆರನೆಯ ವರ್ಷದ ಹಲ್ಲು

ಆ ಹುಡುಗನ ಹಲ್ಲು ಯಾಕೆ ಹಾಳಾಯಿತು ಎಂಬುದನ್ನು ಎಲ್ಲ ತಂದೆತಾಯಿಯರೂ ತಿಳಿಯಬೇಕು. ಮಕ್ಕಳಿಗೆ ಹಾಲುಹಲ್ಲು ಇಪ್ಪತ್ತು. ಸುಮಾರು ಆರು ತಿಂಗಳಲ್ಲಿ ಮೊದಲಿನದು ಮೂಡಿ, ಮೂರು ವರ್ಷದೊಳಗೆ ಎಲ್ಲವೂ ಬಂದಿರುತ್ತವೆ. ಆರನೆಯ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಮೇಲೆ ಕೆಳಗೆ ಎರಡೆರಡರಂತೆ ನಾಲ್ಕು ದೊಡ್ಡ ದವಡೆಹಲ್ಲುಗಳು ಹುಟ್ಟುತ್ತವೆ. ಇವುಗಳಿಗಾಗಿ ಯಾವ ಹಾಲುಹಲ್ಲೂ ಬೀಳುವುದಿಲ್ಲ. ಸದ್ದಿಲ್ಲದೆ ಬರುತ್ತವೆ. ಹಾಗಾಗಿ ಇವೂ ಬಿದ್ದುಹೋಗುವ ಹಲ್ಲುಗಳೇ ಎಂದು ಮನೆಯವರು ತಿಳಿಯುತ್ತಾರೆ. ಹುಳುಕು ಹಿಡಿದರೂ “ಹೇಗೂ ಬೀಳುತ್ತದೆ, ಹೊಸತು ಬರುತ್ತದೆ” ಎಂದು ಸುಮ್ಮನಿರುತ್ತಾರೆ. ಹೊಸತು ಬರುವುದಿಲ್ಲ. ಆರಕ್ಕೆ ಬಂದದ್ದು ಅರುವತ್ತು ದಾಟಿಯೂ ಅಗಿಯಬೇಕಾದ ಹಲ್ಲು.

ಹಾಲುಹಲ್ಲಿನ ವಿಷಯದಲ್ಲಾದರೂ ಉದಾಸೀನ ಸರಿಯೇ? ಅದೂ ಅಲ್ಲ. ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳುತ್ತದೆ, ಆದರೆ ಹಿಂದಿನ ಹಾಲುದವಡೆಗಳು ಹತ್ತು ಹನ್ನೆರಡು ವರ್ಷದ ತನಕ ಇರಬೇಕಾದವು. ಅವು ಮೊದಲೇ ಹೋದರೆ ಪಕ್ಕದ ಹಲ್ಲುಗಳು ಜರುಗಿ ಜಾಗವನ್ನು ನುಂಗುತ್ತವೆ, ಕೆಳಗಿನಿಂದ ಬರುವ ಹಲ್ಲಿಗೆ ದಾರಿ ಸಿಗದೆ ಅದು ಸೊಟ್ಟಗೆ ಬರುತ್ತದೆ. ಬಿದ್ದ ಹಲ್ಲನ್ನು ಸೆಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ಸಂಭ್ರಮ ನಮ್ಮ ಮಕ್ಕಳಿಗೆ ಇರಲಿ. ಆದರೆ ಆ ಹಲ್ಲು ತನ್ನ ಕಾಲಕ್ಕೆ ಬೀಳಲಿ.

ಸಿಹಿಯೇ ಶತ್ರುವೆಂದು ಹೇಳಿ ಮಕ್ಕಳ ಹಬ್ಬದ ಪಾಯಸವನ್ನು ಕಸಿಯಬೇಕಾಗಿಲ್ಲ. ಎಷ್ಟು ತಿಂದರು ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದರು ಎಂಬುದು ಮುಖ್ಯ. ಪ್ರತಿ ಸಲ ಸಿಹಿ ಬಾಯಿಗೆ ಹೋದಾಗಲೂ ಅರ್ಧ ಗಂಟೆಯ ಮಟ್ಟಿಗೆ ಆಮ್ಲದ ಕೆಲಸ ನಡೆಯುತ್ತದೆ, ಆಮೇಲೆ ಜೊಲ್ಲು ಅದನ್ನು ತೊಳೆದು ಸರಿಪಡಿಸುತ್ತದೆ. ಬಸ್ ನಿಲ್ದಾಣದಿಂದ ಶಾಲೆಯ ತನಕ ಮಿಠಾಯಿ ಚೀಪುತ್ತಾ ಬರುವ ಮಗುವಿನ ಹಲ್ಲಿಗೆ ಆ ಬಿಡುವೇ ಸಿಗುವುದಿಲ್ಲ. ಬಾಟಲಿಯ ಸಿಹಿ ಹಾಲನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಕೂಸಿನ ಮುಂಭಾಗದ ಹಲ್ಲುಗಳು ಕರಗುವುದೂ ಇದೇ ಕಾರಣದಿಂದ.

ಮಸಿ, ಉಪ್ಪು, ಮಾವಿನೆಲೆ

ಹಣ್ಣಾದ ಮಾವಿನೆಲೆಯಿಂದ ಉಜ್ಜಿದರೆ ಹುಳುಕು ಹಲ್ಲೂ ನವರತ್ನವಾಗುತ್ತದೆಂದು ನಮ್ಮ ಮಲಯಾಳಿ ನೆರೆಯವರಲ್ಲಿ ಒಂದು ಗಾದೆಯಿದೆ. ಮಾವಿನೆಲೆಯ ನರು ತೆಗೆದು, ಸುರುಳಿ ಸುತ್ತಿ ಹಲ್ಲುಜ್ಜಿಯೇ ನಾವೂ ಬೆಳೆದವರು. ಅದರಿಂದ ಕೇಡಿಲ್ಲ, ಆದರೆ ಹಲ್ಲಿನ ಸಂದಿಗೆ ಅದು ಮುಟ್ಟುವುದಿಲ್ಲ, ಹುಳುಕನ್ನು ಅದು ಗುಣಮಾಡುವುದೂ ಇಲ್ಲ. ಕೇಡಾಗುವುದು ಉಮಿಯ ಮಸಿ, ಇದ್ದಿಲು, ಇಟ್ಟಿಗೆಪುಡಿ, ಹರಳುಪ್ಪು ಇವುಗಳಿಂದ. ಹಲ್ಲಿನ ಹೊರಪದರ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು, ಎಲುಬಿಗಿಂತಲೂ ಗಟ್ಟಿ. ಆದರೆ ಅದರಲ್ಲಿ ಜೀವಕೋಶಗಳಿಲ್ಲ. ಮುರಿದ ಎಲುಬು ಕೂಡಿಕೊಳ್ಳುತ್ತದೆ, ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಹೊಸ ಹೆಸರಿನ ಡಬ್ಬಿಯಲ್ಲಿ ಅಂಗಡಿಗೆ ಬಂದಿರುವ ಇದ್ದಿಲಿನ ಪೇಸ್ಟಿಗೂ ಇದೇ ಎಚ್ಚರ ಬೇಕು.

ಗಟ್ಟಿಯಾಗಿ ಉಜ್ಜಿದಷ್ಟೂ ಬಿಳುಪು ಎಂಬುದೂ ತಪ್ಪು. ಪಾತ್ರೆ ತಿಕ್ಕಿದಂತೆ ಅಡ್ಡಡ್ಡ ತಿಕ್ಕಿದರೆ ಒಸಡು ಕೆಳಗಿಳಿದು, ಬುಡದಲ್ಲಿ ಕಚ್ಚು ಬಿದ್ದು, ತಣ್ಣೀರು ತಾಗಿದರೆ ಜುಂ ಎನ್ನುತ್ತದೆ. ಮೆದು ಬ್ರಷ್, ಫ್ಲೋರೈಡ್ ಇರುವ ಪೇಸ್ಟ್, ಎರಡು ನಿಮಿಷ, ದಿನಕ್ಕೆ ಎರಡು ಸಲ. ಅದರಲ್ಲಿ ಒಂದು ಸಲ ರಾತ್ರಿ ಮಲಗುವ ಮೊದಲು. ನಿದ್ದೆಯಲ್ಲಿ ಜೊಲ್ಲು ಕಡಿಮೆ ಸುರಿಯುವುದರಿಂದ ಸೂಕ್ಷ್ಮಾಣುಗಳಿಗೆ ರಾತ್ರಿಯೇ ಸುಗ್ಗಿ. ನಮ್ಮ ಮನೆಗಳಲ್ಲಿ ಬೆಳಗ್ಗಿನ ಹಲ್ಲುಜ್ಜುವಿಕೆಗೆ ಸ್ನಾನದಷ್ಟೇ ಗೌರವವಿದೆ, ರಾತ್ರಿಯದಕ್ಕೆ ಏನೂ ಇಲ್ಲ. ಪೇಸ್ಟು ಜಾಹೀರಾತಿನಲ್ಲಿ ತೋರಿಸುವಷ್ಟು ಬೇಡ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದ ತನಕ ಬಟಾಣಿ ಕಾಳಿನಷ್ಟು ಸಾಕು. ಉಗುಳಲು ಕಲಿಸಬೇಕು.

ರಕ್ತ ಬಂದರೆ ಉಜ್ಜಬಾರದೇ?

ಉಜ್ಜುವಾಗ ರಕ್ತ ಕಂಡರೆ ಹೆದರಿ ಆ ಭಾಗವನ್ನು ಬಿಟ್ಟೇಬಿಡುವವರಿದ್ದಾರೆ. ರಕ್ತ ಬರುವುದೇ ಅಲ್ಲಿ ಕೊಳೆ ನಿಂತು ಒಸಡು ಬಾತಿರುವುದರಿಂದ. ಬಿಟ್ಟರೆ ಕೊಳೆ ಹೆಚ್ಚುತ್ತದೆ, ರಕ್ತವೂ ಹೆಚ್ಚುತ್ತದೆ. ಮೆದುವಾಗಿ ಉಜ್ಜುತ್ತಾ ಹೋದರೆ ಒಂದೆರಡು ವಾರಗಳಲ್ಲಿ ಅನೇಕರಿಗೆ ನಿಲ್ಲುತ್ತದೆ. ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆ ಇರುವವರು ಇದನ್ನು ಇನ್ನೂ ಗಂಭೀರವಾಗಿ ನೋಡಬೇಕು. ಸಕ್ಕರೆ ಹೆಚ್ಚಾದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹಿಡಿತಕ್ಕೆ ಬರುವುದು ಕಷ್ಟ.

“ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ” ಎಂಬುದು ಇನ್ನೊಂದು ಭಯ. ಬಿಸಿನೀರಿನ ಹಂಡೆಯ ಒಳಗೆ ಹೊರೆ ಕಟ್ಟುವಂತೆ ಹಲ್ಲಿನ ಬುಡದಲ್ಲಿಯೂ ಕಿಟ್ಟ ಕಟ್ಟುತ್ತದೆ. ಅದು ಒಸಡನ್ನೂ ಒಳಗಿನ ಎಲುಬನ್ನೂ ತಿನ್ನುತ್ತಾ ಹೋಗುತ್ತದೆ. ಬುಡದ ಮಣ್ಣು ಕೊಚ್ಚಿಹೋದ ಬೇಲಿಗೂಟ ಸುತ್ತಿದ ಬಳ್ಳಿಯ ಬಲದಿಂದ ನಿಂತಿರುವುದನ್ನು ನಾವು ನೋಡಿಲ್ಲವೇ? ಬಳ್ಳಿ ಬಿಡಿಸಿದಾಗ ಗೂಟ ಅಲ್ಲಾಡುತ್ತದೆ. ತಪ್ಪು ಬಳ್ಳಿ ಬಿಡಿಸಿದವನದಲ್ಲ, ಮಣ್ಣು ಹೋದದ್ದನ್ನು ಇಷ್ಟು ದಿನ ನೋಡದವರದು. ವಯಸ್ಸಾದರೆ ಹಲ್ಲು ಉದುರುವುದು ಸಹಜ ಎಂಬ ಮಾತಿನ ಹಿಂದೆಯೂ ಇದೇ ಕಥೆ. ಹಲ್ಲು ಉದುರಿಸುವುದು ವಯಸ್ಸಲ್ಲ, ಬಹುಕಾಲ ಲಕ್ಷ್ಯ ಕೊಡದೆ ಬಿಟ್ಟ ಒಸಡಿನ ರೋಗ.

ಕಣ್ಣು, ಬಸಿರು, ಬಿದ್ದ ಹಲ್ಲು

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆಂದು ನೋವನ್ನು ವರ್ಷಗಟ್ಟಲೆ ಸಹಿಸಿದ ಅಜ್ಜಿಯಂದಿರನ್ನು ನಾವು ಬಲ್ಲೆವು. ನೋಟದ ನರವೇ ಬೇರೆ, ಹಲ್ಲಿನ ನೋವನ್ನು ಮಿದುಳಿಗೆ ಒಯ್ಯುವ ನರವೇ ಬೇರೆ. ಹಲ್ಲು ಕೀಳಿಸುವ ಪ್ರಾಯಕ್ಕೂ ಕನ್ನಡಕ ಬರುವ ಪ್ರಾಯಕ್ಕೂ ಹೊಂದಿಕೆಯಾದದ್ದರಿಂದ ಹುಟ್ಟಿದ ಸಂಶಯ ಇದಾಗಿರಬೇಕು. ಆದರೆ ರಕ್ತದ ಒತ್ತಡ, ಸಕ್ಕರೆ, ಹೃದಯದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರು ಕೀಳಿಸುವ ಮೊದಲು ಅದನ್ನು ತಪ್ಪದೆ ಹೇಳಬೇಕು.

ಹೆತ್ತ ಮಗುವಿಗೊಂದು ಹಲ್ಲು ಹೋಗುತ್ತದೆ ಎಂಬ ಮಾತೂ ಇದೆ. ಹೊಟ್ಟೆಯಲ್ಲಿರುವ ಮಗು ತಾಯಿಯ ಹಲ್ಲಿನಿಂದ ಸುಣ್ಣದಂಶ ಹೀರುವುದಿಲ್ಲ. ಬಸಿರಿನಲ್ಲಿ ಒಸಡು ಬೇಗ ಬಾಯುತ್ತದೆ, ವಾಂತಿಯ ಹುಳಿ ಹಲ್ಲಿಗೆ ತಾಗುತ್ತದೆ, ವಾಕರಿಕೆಯಿಂದ ಉಜ್ಜುವುದು ತಪ್ಪುತ್ತದೆ. ಹಲ್ಲು ಕೆಡುವುದು ಹೀಗೆ. ಬಸುರಿಗೆ ಹಲ್ಲಿನ ಚಿಕಿತ್ಸೆ ಕೂಡದು ಎಂಬುದೂ ಸರಿಯಲ್ಲ. ನಾಲ್ಕರಿಂದ ಆರನೆಯ ತಿಂಗಳ ನಡುವೆ ಅಗತ್ಯದ ಚಿಕಿತ್ಸೆಗಳನ್ನು ನಿರಾತಂಕವಾಗಿ ಮಾಡುತ್ತಾರೆ.

ಶಾಲೆಯ ಮೈದಾನಕ್ಕೆ ಸಂಬಂಧಿಸಿದ ಒಂದು ವಿಷಯ. ಆಟದಲ್ಲಿ ಮಗುವಿನ ಶಾಶ್ವತ ಹಲ್ಲು ಬೇರುಸಹಿತ ಕಳಚಿ ಬಿದ್ದರೆ ಅದನ್ನು ಎಸೆಯಬೇಡಿ. ಬೇರನ್ನು ಮುಟ್ಟದೆ, ತಿಕ್ಕದೆ, ಮೇಲ್ಭಾಗ ಹಿಡಿದು ಹಸಿ ಹಾಲಿನಲ್ಲಿ ಹಾಕಿ ವೈದ್ಯರಲ್ಲಿಗೆ ಓಡಿ. ಅರ್ಧ ಗಂಟೆಯೊಳಗೆ ತಲುಪಿದರೆ ಅದೇ ಹಲ್ಲು ಮತ್ತೆ ನಿಲ್ಲುವ ಸಾಧ್ಯತೆ ಚೆನ್ನಾಗಿದೆ. ಹಾಲುಹಲ್ಲಾದರೆ ಮರಳಿ ಕೂರಿಸಬಾರದು.

ಹೇಳಲು ಕಷ್ಟವಾದ ಮಾತು

ಇನ್ನು ಹೇಳಬೇಕಾದದ್ದು ನಮ್ಮ ಜಿಲ್ಲೆಯಲ್ಲಿ ಹೇಳಲು ಕಷ್ಟವಾದ ಮಾತು. ಬದಿಯಡ್ಕ, ಪೆರ್ಲ, ಮುಳ್ಳೇರಿಯದಂಥ ಊರುಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಅಡಿಕೆಯಿಂದ. ನಮ್ಮ ಓದಿನ ಖರ್ಚು ಹುಟ್ಟಿದ್ದೂ ಅಡಿಕೆಯ ಅಂಗಳದಲ್ಲೇ. ಎಲೆ ಅಡಿಕೆ ಇಲ್ಲದೆ ನಮ್ಮಲ್ಲಿ ಮದುವೆಯಿಲ್ಲ, ಪೂಜೆಯಿಲ್ಲ, ಬಂದ ನೆಂಟರಿಗೆ ಉಪಚಾರವಿಲ್ಲ. “ಹೊಗೆಸೊಪ್ಪು ಕೆಟ್ಟದ್ದು, ಬರೀ ಎಲೆ ಅಡಿಕೆ ಹಲ್ಲಿಗೆ ಒಳ್ಳೆಯದು” ಎಂದೇ ನಾವೆಲ್ಲ ಕೇಳಿಕೊಂಡು ಬಂದವರು.

ನಮ್ಮ ಸೋದರಮಾವನೂ ಹಾಗೆಯೇ ಹೇಳುತ್ತಿದ್ದರು. ಹೊಗೆಸೊಪ್ಪನ್ನು ಅವರು ಮುಟ್ಟಿದವರಲ್ಲ. ದಿನಕ್ಕೆ ಹತ್ತು ಹನ್ನೆರಡು ಸಲ ಕವಳ ಹಾಕುತ್ತಿದ್ದರು. ಮೊದಲು ಖಾರ ತಿಂದರೆ ಬಾಯಿ ಉರಿ ಎಂದರು. ಮತ್ತೆ ಬಾಯಿ ಅಗಲ ತೆರೆಯುವುದಿಲ್ಲ ಎಂದರು. ಆಮೇಲೆ ಸಮಾರಂಭಗಳಲ್ಲಿ ಪಂಕ್ತಿಗೆ ಬರುವುದನ್ನೇ ಬಿಟ್ಟರು. ತುತ್ತು ಬಾಯಿಗೆ ಹೋಗದ್ದನ್ನು ನಾಲ್ಕು ಜನ ನೋಡುವುದು ಅವರಿಗೆ ಬೇಡವಾಗಿತ್ತು. ಕೆನ್ನೆಯ ಒಳಗಿನ ಹುಣ್ಣನ್ನು ಹಲ್ಲು ತಾಗಿ ಆದದ್ದೆಂದು ತಿಂಗಳುಗಟ್ಟಲೆ ಮುಚ್ಚಿಟ್ಟರು. ಕ್ಯಾನ್ಸರ್ ಎಂದು ತಿಳಿದ ಮೇಲೆ ಒಂದೂವರೆ ವರ್ಷ ಬದುಕಿದರು.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಸೇರಿದ ಕವಳವನ್ನು ಕ್ಯಾನ್ಸರ್‌ಕಾರಕವೆಂದು ಹೇಳಿತ್ತು. ಹೊಗೆಸೊಪ್ಪಿಲ್ಲದ ಕವಳದ ಬಗ್ಗೆ ಆಗ ಸಾಕಷ್ಟು ಸಾಕ್ಷ್ಯ ಇರಲಿಲ್ಲ. 2004ರಲ್ಲಿ ಪ್ರಕಟವಾದ ವರದಿಯಲ್ಲಿ, ಹೊಗೆಸೊಪ್ಪಿಲ್ಲದ ಕವಳವೂ, ಸ್ವತಃ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲವು ಎಂಬ ನಿರ್ಣಯಕ್ಕೆ ಬಂತು. ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿದು ಬಾಯಿ ತೆರೆಯದಂತಾಗುವ ರೋಗಕ್ಕೆ ಅಡಿಕೆ ಜಗಿಯುವುದೇ ಮುಖ್ಯ ಕಾರಣ. ಒಮ್ಮೆ ಬಿಗಿದ ಬಾಯಿ ಮೊದಲಿನಂತೆ ಆಗುವುದಿಲ್ಲ. ಬಿಟ್ಟರೆ ಮುಂದುವರಿಯುವುದು ತಗ್ಗಬಹುದು. ಕೇರಳದಲ್ಲಿ 2012ರಲ್ಲಿ ಗುಟ್ಕಾ, ಪಾನ್ ಮಸಾಲ ನಿಷೇಧವಾಯಿತು, ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಮನೆಯ ಹರಿವಾಣದಲ್ಲಿರುವ ಅಡಿಕೆಯ ಬಗ್ಗೆ ಮನೆಯವರೇ ಯೋಚಿಸಬೇಕು.

ತೋಟ ಕಡಿಯಿರಿ ಎಂದು ನಾವು ಹೇಳುತ್ತಿಲ್ಲ, ಹಾಗೆ ಹೇಳುವ ಅಧಿಕಾರವೂ ನಮಗಿಲ್ಲ. ದೇವರ ಮುಂದೆ ಇಡುವ ಎಲೆ ಅಡಿಕೆ ಅಲ್ಲೇ ಇರಲಿ. ಬಾಯಲ್ಲಿ ದಿನವಿಡೀ ಇಡುವ ಅಭ್ಯಾಸ ಬೇಡ, ಮಕ್ಕಳ ಕೈಗಂತೂ ಬೇಡ ಎಂದಷ್ಟೇ ನಮ್ಮ ವಿನಂತಿ. ಬೆಳೆಯುವವರೇ ಈ ಮಾತನ್ನು ಆಡಿದರೆ ಅದಕ್ಕೆ ಹೆಚ್ಚಿನ ತೂಕ ಬರುತ್ತದೆ.

ಅಭ್ಯಾಸವಿದ್ದವರು ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ಬಾಯಿ ನೋಡಿಕೊಳ್ಳಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಖಾರಕ್ಕೆ ಉರಿ, ಮೂರು ಬೆರಳು ಒಟ್ಟಾಗಿ ನೆಟ್ಟಗೆ ಹೋಗದಷ್ಟು ಕಿರಿದಾದ ಬಾಯಿ ಇವುಗಳಲ್ಲಿ ಯಾವುದಿದ್ದರೂ ಕಾಯಬಾರದು. ಇದು ಬರೀ ಉಪದೇಶವಲ್ಲ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾಯಿತು. ಬರೀ ಕಣ್ಣಿನ ನೋಟದಿಂದ ಇಷ್ಟಾಯಿತು. ನಮ್ಮ ಮಾವನ ಬಾಯಿಯನ್ನು ಹಾಗೆ ತೆರೆಸಿ ನೋಡುವವರು ಆ ಮನೆಯಲ್ಲಿ ನಾವೇ ಆಗಬಹುದಿತ್ತು.

ವೈದ್ಯರ ಮುಂದೆ ನಮ್ಮ ಮಾತು

ಕೊನೆಗೆ ನಮ್ಮವರ ಒಂದು ಸಂಕಟ. ಆ ಹುಡುಗನನ್ನು ಆಸ್ಪತ್ರೆಗೆ ಒಯ್ದಾಗ ಅಜ್ಜಿ, “ನೀರು ತಾಗಿದರೆ ನೋವು” ಎಂದು ಹೇಳಿದರು. ವೈದ್ಯೆ ತೆಂಕಣ ಜಿಲ್ಲೆಯ ಒಳ್ಳೆಯ ಹೆಣ್ಣುಮಗಳು, ಆದರೆ ಕನ್ನಡ ಬಾರದು. ಮಲಯಾಳದಲ್ಲಿ ‘ನೀರ್’ ಎಂದರೆ ಬಾವು, ನಮ್ಮ ನೀರಿಗೆ ಅವರು ‘ವೆಳ್ಳಂ’ ಎನ್ನುತ್ತಾರೆ. ಅಜ್ಜಿ ಹೇಳಿದ್ದು ಒಂದು, ಅವರು ಬರೆದುಕೊಂಡದ್ದು ಇನ್ನೊಂದು. ತುಳು ಬಲ್ಲ ನರ್ಸ್ ಒಬ್ಬರು ಬಂದ ಮೇಲೆ ಮಾತು ಸರಿಹೋಯಿತು. ಗೋಡೆಯ ಮೇಲೆ ಹಲ್ಲಿನ ರಕ್ಷಣೆಯ ಬಗ್ಗೆ ದೊಡ್ಡ ಚಿತ್ರಪಟವಿತ್ತು. ಅದರ ಒಂದಕ್ಷರವೂ ಅಜ್ಜಿಗೆ ತಿಳಿಯಲಿಲ್ಲ.

ಕನ್ನಡದಲ್ಲಿಯೂ ತಿಳಿವಳಿಕೆ ಪತ್ರ ಬೇಕೆಂದು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರೋಣ. ಆದರೆ ಭಾಷೆಯ ಭಯದಿಂದ ಹತ್ತಿರದ ಆಸ್ಪತ್ರೆ ಬಿಟ್ಟು, “ಮಂಗಳೂರಿಗೆ ಹೋದಾಗ ನೋಡೋಣ” ಎಂದು ಹಲ್ಲನ್ನು ತಿಂಗಳುಗಟ್ಟಲೆ ಕೊಳೆಯಿಸುವುದು ಬೇಡ. 2020ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಆ ನಂಬಿಕೆಯ ಗತಿ ಏನಾಯಿತೆಂದು ಕಂಡವರು ನಾವು. ನಾಲ್ಕು ಪದ ಕಲಿತರೆ ಸಾಕು. ಹಲ್ಲು ‘ಪಲ್ಲ್’, ಒಸಡು ‘ಮೋಣ’, ನೋವು ‘ವೇದನ’, ಬಾವು ‘ನೀರ್’, ಹಲ್ಲು ಜುಂ ಎನ್ನುವುದು ‘ಪುಳಿಪ್ಪ್’. ಎಷ್ಟು ದಿನದಿಂದ, ಬಿಸಿಗೋ ತಂಪಿಗೋ, ರಾತ್ರಿ ಹೆಚ್ಚೋ ಎಂಬುದನ್ನು ಮನೆಯ ಮಕ್ಕಳಿಂದ ಚೀಟಿಯಲ್ಲಿ ಮಲಯಾಳದಲ್ಲಿ ಬರೆಯಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಆ ಹುಡುಗ ಈಗ ಒಂಬತ್ತನೆಯಲ್ಲಿದ್ದಾನೆ. ಒಂದು ಬದಿಯಿಂದಲೇ ಅಗಿಯುತ್ತಾನೆ. ಅವನಿಗೆ ಆರು ವರ್ಷದ ತಂಗಿ ಇದ್ದಾಳೆ. ಮೊನ್ನೆ ಅವನೇ ಅವಳನ್ನು ನಮ್ಮ ಬಳಿಗೆ ಕರೆತಂದು, “ಸರ್, ಇವಳ ಹಿಂದಿನ ಹಲ್ಲು ಬಂದಿದೆಯೋ ನೋಡಿ” ಎಂದ. ಬೆಳಕಿಗೆ ನಿಲ್ಲಿಸಿ ನೋಡಿದೆವು. ಕೆಳಗೆ ಎರಡು ಬಂದಿದ್ದವು, ಬೆಳ್ಳಗೆ, ಒಂದು ಚುಕ್ಕೆಯೂ ಇಲ್ಲದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ನಮ್ಮ ಹಿರಿಯರು ವಿಧಿಯನ್ನು ದೂರಿದರು. ಕಡಲೆಯ ಮಾತು ನಮ್ಮ ಕೈಯಲ್ಲಿಲ್ಲ. ಹಲ್ಲಿನ ಮಾತು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ.